ಪ್ರೆಸ್ಸಿನ ಸದ್ದಿನ ಮೇಲೆ ನಾನು ಕೊಟ್ಟ ಅರ್ಜಿ

ತಪ್ಪು ಒಪ್ಪಿಕೊಳ್ಳುವ ಕೆಲಸವನ್ನು ಸಣ್ಣ ವಯಸ್ಸಿನಲ್ಲೇ ಮುಗಿಸಿಕೊಳ್ಳಬೇಕು. ಆಗ ಮನೆಯವರು ನಾಲ್ಕು ಬೈದು ಮರೆತುಬಿಡುತ್ತಾರೆ. ಎಪ್ಪತ್ತೆರಡರಲ್ಲಿ ಒಪ್ಪಿಕೊಂಡರೆ ‘ಪಾಪ, ವಯಸ್ಸಾಯ್ತು’ ಎನ್ನುತ್ತಾರೆ. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತದೆ. ಆದರೂ ಹೇಳಿಬಿಡುತ್ತೇನೆ. ಮುಪ್ಪಿನಲ್ಲಿ ನನಗೆ ಸಕ್ಕರೆ ಕಾಯಿಲೆ ಬರಲಿಲ್ಲ, ರಕ್ತದೊತ್ತಡ ಬರಲಿಲ್ಲ. ಬಂದದ್ದು ದೊಡ್ಡಸ್ತಿಕೆ. ಅದಕ್ಕೆ ಯಾವ ಅಂಗಡಿಯಲ್ಲೂ ಮಾತ್ರೆ ಸಿಗುವುದಿಲ್ಲ.

ರಾಜಾಜಿನಗರದಿಂದ ಮಾಗಡಿ ರಸ್ತೆಯ ಕಡೆ ಇಳಿಯುವಾಗ ಸಿಗುವ ಒಂದು ಅಡ್ಡಬೀದಿ ನಮ್ಮದು. ಬೀದಿಯ ಒಂದು ಕಡೆ ಮನೆಗಳು, ಇನ್ನೊಂದು ಕಡೆ ಶೆಡ್ಡುಗಳು. ಮೊದಲು ಇಲ್ಲಿ ಗೀಟು ಎಳೆದು ಸೈಟು ಹಂಚಿದ ಪುಣ್ಯಾತ್ಮರು, ಕೆಲಸಗಾರ ಕಾರ್ಖಾನೆಗೆ ನಡೆದೇ ಹೋಗಲಿ, ಮಧ್ಯಾಹ್ನ ಮನೆಗೆ ಬಂದು ಬಿಸಿ ಮುದ್ದೆ ಉಣ್ಣಲಿ ಎಂದುಕೊಂಡಿದ್ದರೋ ಏನೋ. ಆದರೆ ಗೀಟು ಕಾಗದದ ಮೇಲೆ ಉಳಿಯಿತು. ಮನೆಗಳ ಕೆಳಗೆ ಲೇತುಗಳು ಬಂದವು. ಕಾರ್ಖಾನೆಗಳಲ್ಲಿ ಕೆಲವು ಕಲ್ಯಾಣ ಮಂಟಪಗಳಾದವು. ಕೆಳಗಡೆ ಕಬ್ಬಿಣ ಕೊರೆಯುತ್ತಿದ್ದರೆ ಮೇಲಿನ ತಾರಸಿಯಲ್ಲಿ ಹಪ್ಪಳ ಒಣಗುತ್ತಿರುತ್ತದೆ. ನೆಂಟರಿಗೆ ದಾರಿ ಹೇಳುವುದೂ ನಮ್ಮಲ್ಲಿ ಮೂಗಿನಿಂದಲೇ: ‘ಸುಟ್ಟ ರಬ್ಬರ್ ವಾಸನೆ ಬಂದ ಕಡೆ ಬಲಕ್ಕೆ ತಿರುಗಿ, ಆಸಿಡ್ ವಾಸನೆ ದಾಟಿ, ಒಗ್ಗರಣೆ ವಾಸನೆ ಬಂದ್ರೆ ನಿಂತ್ಕೊಳ್ಳಿ, ಅದೇ ನಮ್ಮನೆ.’ ಇದುವರೆಗೆ ಯಾರೂ ದಾರಿ ತಪ್ಪಿಲ್ಲ. ಒಬ್ಬ ಷಡ್ಡಕರು ಮಾತ್ರ ನೆಗಡಿಯಾಗಿದ್ದಾಗ ಬಂದು ಎರಡು ಗಂಟೆ ಸುತ್ತಾಡಿದರು.

ಎಸ್ಸೆಸ್ಸೆಲ್ಸಿ ಮುಗಿಸಿ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು, ಅದು ಮುಚ್ಚಿದ ಮೇಲೆ ನನ್ನ ಮನೆಯ ಕೆಳಗೇ ಒಂದು ಪವರ್ ಪ್ರೆಸ್ ಹಾಕಿದೆ. ತಗಡಿನಿಂದ ಬಾಗಿಲಿನ ಹಿಂಜು, ಅಂದರೆ ಕೀಲು, ಹೊಡೆಯುವ ಕೆಲಸ. ಮೂವತ್ತು ವರ್ಷ ಬೀದಿಯ ಎದೆಯ ಮೇಲೆ ಧಡ್, ಧಡ್ ಎಂದು ಕುಟ್ಟಿದೆ. ಆ ಅದುರಾಟಕ್ಕೆ ಮೇಲೆ ನಮ್ಮ ಅಡುಗೆಮನೆಯಲ್ಲಿ ಹಾಲು ಹೆಪ್ಪುಗಟ್ಟುತ್ತಿರಲಿಲ್ಲ. ನನ್ನ ಹೆಂಡತಿ ಜಯಮ್ಮ ತಲೆ ಓಡಿಸಿ, ಸೂರಿಗೆ ನೆಲುವು ಕಟ್ಟಿ ಅದರಲ್ಲಿ ಮೊಸರಿನ ಪಾತ್ರೆ ತೂಗುಹಾಕಿದಳು. ಅದನ್ನು ನೋಡಿ ಅಕ್ಕಪಕ್ಕದ ನಾಲ್ಕು ಮನೆಗಳಲ್ಲೂ ನೆಲುವು ಬಂತು. ಆದರೆ ಜಗಳ ಬರಲಿಲ್ಲ. ಆಯುಧಪೂಜೆಯ ದಿನ ನಾನು ಮನೆಮನೆಗೆ ಕಡ್ಲೆಪುರಿ, ಸಿಹಿ ಬೂಂದಿ ಹಂಚುತ್ತಿದ್ದೆ. ವರ್ಷಕ್ಕೊಂದು ಪೊಟ್ಟಣ ಪುರಿ ತಿಂದು ಆ ಜನ ನನ್ನ ಸದ್ದನ್ನೆಲ್ಲ ಸಹಿಸಿಕೊಂಡರು.

ಮಂಡಿ ನೋವು ಹೆಚ್ಚಾದಾಗ ಪ್ರೆಸ್ ಮಾರಿದೆ. ಆ ಜಾಗದಲ್ಲಿ ಜಯಮ್ಮ ದೊಡ್ಡ ಗ್ರೈಂಡರ್ ಇಟ್ಟು ದೋಸೆ ಹಿಟ್ಟು ಮಾರಲು ಶುರುಮಾಡಿದಳು. ಬೆಳಿಗ್ಗೆ ಆರಕ್ಕೇ ಡಬ್ಬಿ ಹಿಡಿದವರ ಸಾಲು. ನಾನು ಮೇಲೆ ಸೋಫಾ ತರಿಸಿ, ಮಧ್ಯಾಹ್ನ ನಿದ್ದೆ ಮಾಡುವುದನ್ನು ಕಲಿತೆ. ಅಷ್ಟರಲ್ಲಿ ಗದಗದ ಕಡೆಯಿಂದ ಬಂದ ಬಸವರಾಜ ಎಂಬ ಮೂವತ್ತೈದರ ಗಂಡಸು ಎದುರಿನ ಶೆಡ್ಡು ಹಿಡಿದು, ಅಲ್ಲೊಂದು ಪವರ್ ಪ್ರೆಸ್ ನಿಲ್ಲಿಸಿದ. ಮೊದಲ ಏಟಿಗೇ ನಾನು ಸೋಫಾದಿಂದ ಎದ್ದು ಕೂತೆ. ಎರಡನೇ ಏಟಿಗೆ ದೊಡ್ಡಸ್ತಿಕೆ ಎದ್ದು ನಿಂತಿತು.

ಕರೆಂಟ್ ಆಫೀಸಿಗೆ ಅರ್ಜಿ ಬರೆದೆ. ‘ಈ ಪ್ರಶಾಂತ ವಸತಿ ಬಡಾವಣೆಯಲ್ಲಿ’ ಎಂದು ಆರಂಭಿಸಿದೆ. ಪ್ರಶಾಂತ ಎಂದು ಬರೆಯುವಾಗ ನನಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ. ಸದ್ದು ಮಾಡುವ ವಿದ್ಯುತ್ ಸಂಪರ್ಕಗಳನ್ನೆಲ್ಲ ಪರಿಶೀಲಿಸಿ ಕಡಿದುಹಾಕಬೇಕೆಂದು ಕೋರಿದೆ. ಹೆಸರು ಹಾಕದೆ ‘ನೊಂದ ನಾಗರಿಕ’ ಎಂದು ಮುಗಿಸಿದೆ.

ಹತ್ತು ದಿನಕ್ಕೆ ಒಬ್ಬ ಅಧಿಕಾರಿಣಿ ಫೈಲು ಹಿಡಿದು ಬಂದರು. ಕಿಟಕಿಯಿಂದ ನೋಡಿ, ಮಂಡಿ ನೋವು ಮರೆತು ಕುಣಿಯುತ್ತ ಕೆಳಗಿಳಿದೆ. ಅವರು ಬೀದಿಯ ನಡುವೆ ನಿಂತು, ನಕ್ಷೆ ನೋಡಿ, ನಮ್ಮ ಗೇಟಿಗೇ ಬಂದರು.

“ಸಾರ್, ಆ ಕಡೆ ಕೈಗಾರಿಕಾ ಜಾಗ. ಎದುರು ಶೆಡ್ಡಿನವರ ದಾಖಲೆ ಎಲ್ಲಾ ಸರಿಯಾಗಿದೆ. ಈ ಕಡೆ ವಸತಿ. ಇಲ್ಲಿ ಪ್ರೆಸ್ಸಿಗೆ ಅಂತ ತಗೊಂಡಿರೋ ಲೈನು ಇರೋದು ನಿಮ್ಮನೇಲಿ ಮಾತ್ರ. ಎಲ್ಲಿ ಪ್ರೆಸ್ಸು?”

“ಮಾರ್ಬಿಟ್ಟೆ ಮೇಡಂ.”

“ಮತ್ತೆ ಲೈನಲ್ಲಿ ಏನ್ ಓಡ್ತಾ ಇದೆ?”

ಒಳಗಿನಿಂದ ಗ್ರೈಂಡರೇ ಗರಗರನೆ ಉತ್ತರ ಹೇಳಿತು. ಪ್ರೆಸ್ ಮಾರಿದ ಮೇಲೆ ಲೈನು ವಾಪಸ್ ಕೊಡಬೇಕಿತ್ತು, ನಾನು ಕೊಟ್ಟಿರಲಿಲ್ಲ. ಅರ್ಜಿ ಬಂದಿದೆ, ಎಂಟು ದಿನದಲ್ಲಿ ಲೈನು ಕಡಿಯುತ್ತೇವೆ ಎಂದರು. ಮನೆಯ ಮಾಮೂಲಿ ಕರೆಂಟಿಗೆ ಆ ಗ್ರೈಂಡರ್ ತಿರುಗುವುದಿಲ್ಲ. ಹಿಟ್ಟಿನ ಕೈಯಲ್ಲೇ ಹೊರಗೆ ಬಂದ ಜಯಮ್ಮನ ಮುಖ ಸಣ್ಣಗಾಯಿತು. “ಯಾರಮ್ಮ ಅರ್ಜಿ ಕೊಟ್ಟಿದ್ದು? ಅವರ ಕೈ ಸೇದ್ಹೋಗ” ಎಂದಳು. ಅಧಿಕಾರಿಣಿ “ಹೆಸರಿಲ್ಲಮ್ಮ” ಎಂದು ಫೈಲು ತಿರುಗಿಸಿ ತೋರಿಸಿದರು. ನನ್ನ ಬಿಲ್ಲು ಪುಸ್ತಕಗಳನ್ನು ಮೂವತ್ತು ವರ್ಷ ಜೋಡಿಸಿಟ್ಟವಳಿಗೆ ಹೆಸರು ಯಾಕೆ ಬೇಕು? ಅಕ್ಷರ ನೋಡಿದಳು, ನನ್ನನ್ನು ನೋಡಿದಳು.

ಅಧಿಕಾರಿಣಿ ಹೋಗುವ ತನಕ ತಡೆದುಕೊಂಡಳು. ಆಮೇಲೆ ಶುರುವಾಯಿತು. “ರೀ, ಮೂವತ್ತು ವರ್ಷ ನೀವ್ ಕುಟ್ಟಿದ್ರಲ್ಲ, ಯಾರಾದ್ರೂ ತುಟಿ ಪಿಟಕ್ ಅಂದ್ರಾ? ಅವನ್ಯಾರೋ ಹೊಟ್ಟೆಪಾಡಿಗೆ ಎರಡೇಟು ಕುಟ್ಟಿದ್ರೆ ನೀವು ನೊಂದ ನಾಗರಿಕ! ನಡೀರಿ, ಅವನ ಮುಂದೆ ನಿಂತು ಹೇಳ್ಬಿಟ್ಟು ಬನ್ನಿ. ಅಲ್ಲೀತನಕ ನಿಮಗೆ ಕಾಫಿ ಇಲ್ಲ.”

ನಾಲ್ಕು ಹೆಜ್ಜೆಯ ಬೀದಿ. ದಾಟಲು ಅರ್ಧ ಗಂಟೆ ಬೇಕಾಯಿತು. ಬಸವರಾಜ ಮೆಷಿನ್ನು ನಿಲ್ಲಿಸಿ, ಸ್ಟೂಲು ಒರೆಸಿ ಕೂರಿಸಿದ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವನು ತಲೆ ಕೆರೆದುಕೊಂಡು ನಗಲು ಶುರುಮಾಡಿದ.

“ಅಲ್ರೀ ಕಾಕಾರ, ಎದುರು ಮನ್ಯಾಗ ಹಳೇ ಪ್ರೆಸ್ಸಿನ ಯಜಮಾನ್ರು ಅದಾರ ಅಂತ ಮಂದಿ ಹೇಳಿದ್ರು. ನನ್ನ ಮೆಷಿನ್ ಸಪ್ಪಳ ಸರಿ ಇಲ್ಲ ಅಂತ ನನಗೂ ಗೊತ್ತಿತ್ತು. ಇವತ್ತ ಬಂದ್ ಹೇಳ್ತಾರ, ನಾಳೆ ಬಂದ್ ಹೇಳ್ತಾರ ಅಂತ ನಿಮ್ಮ ದಾರಿ ಕಾಯಾಕ ಹತ್ತಿದ್ದೆ. ನೀವು ನೋಡಿದ್ರ ಸರಕಾರಕ್ಕ ಪತ್ರ ಬರದೀರಿ!”

ಈ ಮಾತಿಗೆ ನನಗೆ ಅಳು ಬರಬೇಕಿತ್ತು. ಬಂದದ್ದು ಉತ್ಸಾಹ. “ಒಂದೇಟು ಹೊಡಿ ನೋಡೋಣ” ಎಂದೆ. ಹೊಡೆದ. ಮೇಲಿನಿಂದ ಬಂದು ತಗಡು ಕತ್ತರಿಸುವ ಪಂಚು ಬೇಕಾದ್ದಕ್ಕಿಂತ ಆಳಕ್ಕೆ ಇಳಿದು ತಗಡನ್ನೂ ಕೆಡಿಸುತ್ತಿತ್ತು. ಕೆಳಗಿನ ಬೋಲ್ಟೂ ಸಡಿಲ. ಪಂಚೆ ಎತ್ತಿ ಕಟ್ಟಿ, ಸ್ಪ್ಯಾನರ್ ಹಿಡಿದೆ. ಮುಕ್ಕಾಲು ಗಂಟೆಯಲ್ಲಿ ಆ ಪ್ರೆಸ್ಸು ಧಡ್ ಎನ್ನುವುದು ಬಿಟ್ಟು, ಅಡಿಕೆ ಕತ್ತರಿಸಿದ ಹಾಗೆ ಕಟ್ ಕಟ್ ಎನ್ನತೊಡಗಿತು. ಬಸವರಾಜ ಶೆಡ್ಡಿನ ಒಂದು ಮೂಲೆ ತೋರಿಸಿ, “ಅಮ್ಮಾರ ಗ್ರೈಂಡರ್ ಇಲ್ಲೇ ತಂದ್ ಇಡ್ರಿ. ಮುಂಜಾನೆ ನನಗೆರಡು ದ್ವಾಶಿ ಆದ್ರ ಸಾಕು” ಎಂದ. ಆ ವಾರದಲ್ಲೇ ಕರೆಂಟ್ ಆಫೀಸಿಗೆ ಹೋಗಿ, ಒಪ್ಪಿಗೆ ಪಡೆದು, ನಾಲ್ಕು ಜನ ಸೇರಿ ಗ್ರೈಂಡರನ್ನು ಬೀದಿ ದಾಟಿಸಿದೆವು. ಹಿಟ್ಟಿನ ಸಾಲೂ ಅದರ ಹಿಂದೆಯೇ ದಾಟಿತು. ನನಗೆ ಕಾಫಿ ಮಾತ್ರ ತಪ್ಪೊಪ್ಪಿಕೊಂಡ ದಿನ ಸಂಜೆಯೇ ಸಿಕ್ಕಿತ್ತು.

ಈಗ ದಿನಾ ಮಧ್ಯಾಹ್ನ ಶೆಡ್ಡಿನಲ್ಲೇ ಇರುತ್ತೇನೆ. ತಗಡು ಕೆಡುವುದು ನಿಂತು ಬಸವರಾಜನಿಗೆ ಕೆಲಸ ಕೈತುಂಬ ಬರುತ್ತಿದೆ. ಮೊನ್ನೆ ಅವನು, “ಕಾಕಾರ, ಇನ್ನೊಂದು ಪ್ರೆಸ್ ತರ್ತೀನ್ರಿ, ದೊಡ್ಡದು. ಎಲ್ಲಿ ಇಡೋಣು, ನೀವ ಜಾಗ ತೋರಸ್ರಿ” ಎಂದ. ಯಾರಾದರೂ ಇಷ್ಟು ಗೌರವದಿಂದ ನನ್ನನ್ನು ಏನಾದರೂ ಕೇಳಿ ಬಹಳ ಕಾಲವಾಗಿತ್ತು. ನೆಲ ಕುಟ್ಟಿ ನೋಡಿದೆ, ಅಳತೆ ಹಿಡಿದೆ, ಶೆಡ್ಡಿನಲ್ಲೆಲ್ಲ ಗಟ್ಟಿಯಾದ ಜಾಗ ಹುಡುಕಿ ಸೀಮೆಸುಣ್ಣದಲ್ಲಿ ಚೌಕಾಕಾರ ಬರೆದೆ. ಬೆನ್ನು ನೆಟ್ಟಗೆ ಮಾಡಿ ತಲೆ ಎತ್ತಿದರೆ, ಎದುರಿಗೆ ನೇರವಾಗಿ ನಾನು ಮಲಗುವ ಕೋಣೆಯ ಕಿಟಕಿ. ಗುರುತನ್ನು ಒಂದಿಷ್ಟು ಆಚೆ ಸರಿಸೋಣವೆಂದು ಬಗ್ಗಿದೆ. ಸರಿಸಲು ಮನಸ್ಸು ಬರಲಿಲ್ಲ. ಅಷ್ಟು ಒಳ್ಳೆಯ ನೆಲ ಇನ್ನೆಲ್ಲೂ ಇರಲಿಲ್ಲ.