ಸೋಮವಾರದ ಷರತ್ತು, ಶನಿವಾರದ ಮೀನು

ದೊಡ್ಡವರು ನಮ್ಮಿಂದ ಏನಾದರೂ ಕಿತ್ತುಕೊಳ್ಳಲು ಹೊರಟಾಗಲೆಲ್ಲ ನಗುವಂಥದ್ದೊಂದು ನಡೆದೇ ನಡೆಯುತ್ತದೆ. ಎಂಬತ್ತರ ದಶಕದ ಕೊನೆಯಲ್ಲಿ ಮಣಿಪಾಲದ ನಮ್ಮ ಕಾರ್ಖಾನೆಯ ಮ್ಯಾನೇಜರರು ಕ್ಯಾಂಟೀನಿನ ಮೀನೂಟಕ್ಕೇ ಕೈ ಹಾಕಿದರು.

"ಯಾರು ಯಾವ ವಾರ ಮೀನು ತಿನ್ನುವುದಿಲ್ಲ ಅಂತ ದೇವರಿಗೂ ಗೊತ್ತಿಲ್ಲ. ದಿನಾ ಜಗಳ. ನಿಲ್ಲಿಸುವ."

ನಾನು ಕಾರ್ಮಿಕ ಸಂಘದವನು. ಕಾಲೇಜು ಕಂಡವನಲ್ಲ, ಆಫೀಸಿನ ಹೊಸ ಕಂಪ್ಯೂಟರನ್ನು ಪುಸ್ತಕ ನೋಡಿ ಕಲಿತವನು.

"ದೇವರಿಗೆ ಗೊತ್ತಿಲ್ಲದಿದ್ದರೆ ಕಂಪ್ಯೂಟರಿಗೆ ಕಲಿಸುತ್ತೇನೆ" ಎಂದೆ.

"ಒಂದು ವಾರ ನಾನೂ ಅಲ್ಲೇ ಉಣ್ಣುತ್ತೇನೆ. ಒಂದು ತಟ್ಟೆ ತಪ್ಪಿದರೂ ಮೀನು ಬಂದ್" ಎಂದರು.

೧. ಮೊದಲ ಷರತ್ತು

ಮ್ಯಾಕ್ರೋ ಎಂದರೆ ಒಂದು ಪದ ಒತ್ತಿದರೆ ಹತ್ತಾರು ಸಾಲಿನ ಆಜ್ಞೆ ಬಿಚ್ಚಿಕೊಳ್ಳುವ ಏರ್ಪಾಡು. ನನ್ನ ಪದ 'ಬಡಿಸು'; ಒತ್ತಿದರೆ ಯಾರ ತಟ್ಟೆಗೆ ಏನೆಂಬ ಪಟ್ಟಿ ಅಡುಗೆಮನೆಗೆ ಅಚ್ಚಾಗುತ್ತದೆ. ಅದರೊಳಗೆ ಷರತ್ತುಗಳ ಸಾಲು. ಸೋಮವಾರವಾದರೆ ಸೊಪ್ಪಿನ ಸಾರು ಎಂದು ಮೊದಲೇ ಬರೆದುಬಿಟ್ಟೆ. ಕ್ರಿಶ್ಚಿಯನ್ನರಾದರೆ ಸೋಮವಾರವೂ ಮೀನು ಎಂಬ ಷರತ್ತು ಅದರ ಕೆಳಗೆ ಉಳಿಯಿತು. ಪರೀಕ್ಷೆಯ ವಾರಕ್ಕೆ ಮೊದಲಿನ ಪ್ರಯೋಗದ ದಿನವೇ ಕ್ಯಾಂಟೀನಿನ ಅಡುಗೆಯ ಬಾಯಿ, ಕೆಮ್ಮಣ್ಣು ಊರಿನ ಕ್ರಿಶ್ಚಿಯನ್ ಹೆಂಗಸು, ಬಂದು ನಿಂತರು.

"ನಮಗೆ ಎಂತಕ್ಕೆ ಸೊಪ್ಪು ಮಾರಾಯ?"

"ಇದು ಮೊದಲ ಷರತ್ತು ಹೊಂದಿದರೆ ಮುಂದಿನದ್ದು ನೋಡುವುದೇ ಇಲ್ಲ ಬಾಯಿ."

"ಇಷ್ಟಕ್ಕೆ ಯಂತ್ರ ಯಾಕೆ? ಮ್ಯಾನೇಜರರು ಇದ್ದಾರಲ್ಲ."

ಕ್ರಿಶ್ಚಿಯನ್ನರ ಸಾಲನ್ನು ಮೇಲಕ್ಕೆ ತಂದೆ.

೨. ಷರತ್ತಿನೊಳಗೊಂದು

ಎರ್ಮಾಳಿನ ಫಿಟ್ಟರ್ ಒಬ್ಬ ಸೋಮವಾರ ಮೀನು ಮುಟ್ಟುವುದಿಲ್ಲ ಎಂದ.

"ಒಣ ಸಿಗಡಿ ಚಟ್ನಿ?"

"ಅದು ಬೇಕು."

"ಸಿಗಡಿ ಕಡಲಿನದ್ದಲ್ವಾ?"

"ತೆಂಗಿನಕಾಯಿ ಹಾಕಿ ಅರೆದ ಮೇಲೆ ತೋಟದ್ದು."

ಷರತ್ತಿನೊಳಗೆ ಇನ್ನೊಂದು ಷರತ್ತು ತುರುಕಿದೆ. ಮರುದಿನ ಅದೇ ಬೇಕೆಂದು ಅರ್ಧ ಕಾರ್ಖಾನೆ ಬಾಗಿಲಿಗೆ ಬಂತು.

೩. ಯಾವುದೂ ಅಲ್ಲದಿದ್ದರೆ

ಮ್ಯಾನೇಜರರ ಷರತ್ತನ್ನೂ ಕೇಳಿದೆ. "ಷರತ್ತು ಹಾಕುವವನು ನಾನು, ನನಗೇ ಷರತ್ತಾ?" ಎಂದು ಅಟ್ಟಿದರು. ಹಾಗಾಗಿ ಸೋಮವಾರ ಬಿಟ್ಟರೆ ಅವರು ಯಾವ ಸಾಲಿಗೂ ಸೇರಲಿಲ್ಲ. ಅಂಥವರಿಗೆಂದೇ ಕೊನೆಯಲ್ಲೊಂದು ಸಾಲು ಇಡಬೇಕು: ಯಾವುದೂ ಹೊಂದದಿದ್ದರೆ ಏನು? ಮೀನು ಎಂದು ಬರೆದೆ. ಈ ಕರಾವಳಿಯಲ್ಲಿ ಮೀನು ಸಿಕ್ಕಿತೆಂದು ಅತ್ತವರುಂಟೇ?

ಐದು ದಿನ ಒಂದು ತಟ್ಟೆಯೂ ತಪ್ಪಲಿಲ್ಲ. ಶನಿವಾರ, ಪರೀಕ್ಷೆಯ ಕೊನೆಯ ದಿನ, ಮ್ಯಾನೇಜರರು ಕರೆಸಿದರು. ಎದುರಿಗೆ ಹುರಿದ ಅಂಜಲ್ ಮೀನು.

"ಶನಿವಾರ ನನಗೆ ವ್ರತ. ಕಾರ್ಕಳದ ಹೆಂಡತಿ ಮನೆಯವರ ಎದುರು ಮಾತು ಕೊಟ್ಟದ್ದು."

ಮೀನೂಟ ಮುಗಿಯಿತು ಎಂದುಕೊಂಡೆ. "ತಪ್ಪಾಯಿತು ಸರ್, ತೆಗೆಯುತ್ತೇನೆ" ಎಂದು ಕೈ ಚಾಚಿದೆ. ಅವರು ತಟ್ಟೆಯನ್ನು ತಮ್ಮತ್ತ ಎಳೆದುಕೊಂಡರು. ಅರ್ಧ ಮೀನು ಆಗಲೇ ಮುಳ್ಳಾಗಿತ್ತು.

"ಮಾತು ಕೊಟ್ಟದ್ದು ನಾನು. ಬಡಿಸಿದ್ದು ಕಂಪ್ಯೂಟರು. ನಾನೆಂತ ಮಾಡಲಿ?"

"ಈಗಲೇ ತಿದ್ದುತ್ತೇನೆ ಸರ್."

"ಮೀನೂಟ ಮುಂದುವರಿಯಲಿ" ಎಂದರು, ಮುಳ್ಳು ಬಿಡಿಸುತ್ತಾ. "ಕಂಪ್ಯೂಟರನ್ನು ತಿದ್ದಿದರೆ ಮಾತ್ರ ನಿನ್ನನ್ನು ಕೆಲಸದಿಂದ ತೆಗೆಯುತ್ತೇನೆ."