ಯಾರ ತಲೆ ಮೇಲೆ?

ಇಡೀ ಬೆಂಗಳೂರಿನಲ್ಲಿ ಸೂರ್ಯನ ಮೇಲೇ ಅನುಮಾನ ಪಡುವ ಮನುಷ್ಯ ಒಬ್ಬರಿದ್ದರೆ ಅದು ನಮ್ಮ ಚಿಕ್ಕಪ್ಪ. ಸೂರ್ಯ ಹುಟ್ಟುತ್ತಿದ್ದ, ಮುಳುಗುತ್ತಿದ್ದ, ನಡುವೆ ಚಿಕ್ಕಮ್ಮನ ಹಪ್ಪಳ ಒಣಗಿಸಿಕೊಡುತ್ತಿದ್ದ. ಅಲ್ಲಿಯತನಕ ಇಬ್ಬರ ಸಂಬಂಧವೂ ಚೆನ್ನಾಗಿಯೇ ಇತ್ತು. ತಾರಸಿಯ ಮೇಲೆ ಸೋಲಾರ್ ಹಾಕಿಸಿಕೊಂಡವರಿಗೆ ಸರ್ಕಾರ ಸಬ್ಸಿಡಿ ಕೊಡುತ್ತದೆ ಎಂಬ ಸುದ್ದಿ ಪೇಪರಿನಲ್ಲಿ ಬಂದದ್ದೇ ತಡ, ಚಿಕ್ಕಪ್ಪ ಬೆಳಗಿನ ಸೂರ್ಯನಮಸ್ಕಾರವನ್ನೇ ನಿಲ್ಲಿಸಿಬಿಟ್ಟರು!

"ಸರ್ಕಾರದ ದುಡ್ಡಲ್ಲಿ ಕೆಲ್ಸ ಮಾಡೋನಿಗೆ ನಾನ್ಯಾಕಯ್ಯ ಅಡ್ಡಬೀಳ್ಲಿ?"

ಎಂಬತ್ತು ದಾಟಿದ ಮನುಷ್ಯ ಇನ್ನು ಬಗ್ಗಲಾರದೆ ಹುಡುಕಿಕೊಂಡ ನೆಪ ಇದು ಎಂದು ಚಿಕ್ಕಮ್ಮ ಹೇಳುತ್ತಾರೆ. ಇರಬಹುದು. ಅವರ ಬಗ್ಗೆ ನಾನು ಎಷ್ಟೋ ವರ್ಷಗಳಿಂದ ಮದುವೆಮನೆಗಳಲ್ಲಿ ಕತೆ ಹೇಳಿ ನಗಿಸುತ್ತ ಬಂದವನು. ಈಚೆಗೆ ಅವರ ತಾರಸಿಯ ಮೇಲೆ ನಡೆದದ್ದನ್ನು ಹತ್ತಿರದಿಂದ, ಅಂದರೆ ಒಂದು ಮೂಲೆ ಹಿಡಿದುಕೊಂಡೇ, ನೋಡಿದ ಮೇಲೆ ಆ ಕತೆಗಳನ್ನು ಮೊದಲಿನ ವೇಗದಲ್ಲಿ ಹೇಳಲು ಆಗುತ್ತಿಲ್ಲ. ಆದ್ದರಿಂದ ನಿಧಾನವಾಗಿ, ಕಂಡಷ್ಟನ್ನೇ ಹೇಳುತ್ತೇನೆ.

ಚಿಕ್ಕಪ್ಪನ ಬಾಯಲ್ಲಿ ಸದಾ ಇರುವುದು ಒಂದೇ ಪ್ರಶ್ನೆ: "ಯಾರ ತಲೆ ಮೇಲೆ?" ಬಿಟ್ಟಿ ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ಈ ಪ್ರಶ್ನೆ ಹೊರಗೆ ಬರುತ್ತದೆ. ಒಂದು ರಾಮನವಮಿಯ ದಿನ ಚಾಮರಾಜಪೇಟೆಯ ನಮ್ಮ ರಸ್ತೆಯ ತುದಿಯಲ್ಲಿ ಚಪ್ಪರ ಹಾಕಿ ಪಾನಕ ಹಂಚುತ್ತಿದ್ದರು. ಚಿಕ್ಕಪ್ಪ ಲೋಟ ಹಿಡಿದುಕೊಂಡೇ ಕೇಳಿದರು: "ಇದು ಯಾರ ತಲೆ ಮೇಲಪ್ಪ?"

ಹಂಚುತ್ತಿದ್ದಾತ ಕೈ ಮುಗಿದು, "ಸಾಕ್ಷಾತ್ ರಾಮನ ತಲೆ ಮೇಲೆ ಸಾರ್" ಎಂದ.

ಚಿಕ್ಕಪ್ಪ ಒಂದು ಕ್ಷಣ ಯೋಚಿಸಿ, "ಹಾಗಾದ್ರೆ ಇನ್ನೊಂದು ಲೋಟ ಕೊಡು. ಅವನು ತಡ್ಕೋತಾನೆ" ಎಂದರು.

ಹೆಂಗಸರಿಗೆ ಬಸ್ಸು ಉಚಿತವಾದಾಗ ಚಿಕ್ಕಮ್ಮ ಮಲ್ಲೇಶ್ವರದ ತಂಗಿಯ ಮನೆಗೆ ವಾರಕ್ಕೊಮ್ಮೆ ಹೋಗತೊಡಗಿದರು. ಹಿಂದಿರುಗಿ ಚಪ್ಪಲಿ ಬಿಡುವ ಮುಂಚೆಯೇ ಚಿಕ್ಕಪ್ಪನ ಪ್ರಶ್ನೆ: "ಹೋಗಿಬಂದ್ಯಲ್ಲ, ಆ ಟಿಕೀಟು ಯಾರ ತಲೆ ಮೇಲೆ?"

"ನಿಮ್ಮ ತಲೆ ಮೇಲೇ! ಇಲ್ದಿದ್ರೆ ಅಷ್ಟು ಕೂದ್ಲು ಎಲ್ಲಿಗೆ ಹೋಯ್ತು?"

ಆಮೇಲೆ ಬಸ್ಸಿನ ಸುದ್ದಿಗೆ ಅವರು ಹೋಗಲಿಲ್ಲ.

ಈ ಪ್ರಶ್ನೆ ಅವರು ಪುಸ್ತಕ ಓದಿ ಕಲಿತದ್ದಲ್ಲ, ಕಸುಬಿನಿಂದ ಬಂದದ್ದು. ನಾನು ಸಣ್ಣವನಿದ್ದಾಗ ಅವರದ್ದು ಚಾಮರಾಜಪೇಟೆಯಲ್ಲಿ ಗ್ಯಾಸ್‌ಲೈಟು ಬಾಡಿಗೆಗೆ ಕೊಡುವ ಅಂಗಡಿ. ಗ್ಯಾಸ್‌ಲೈಟು ಎಂದರೆ ಈಗಿನವರಿಗೆ ಗೊತ್ತಾಗಲಿಕ್ಕಿಲ್ಲ. ಹಿತ್ತಾಳೆಯ ದುಂಡನೆಯ ಬುಡದಲ್ಲಿ ಸೀಮೆಎಣ್ಣೆ, ಮೇಲೆ ಗಾಜಿನ ಗೂಡು, ಗೂಡಿನೊಳಗೆ ಬಟ್ಟೆಯ ಬಲೆಯಂಥ ಮ್ಯಾಂಟಲ್ಲು. ಪಂಪು ಹೊಡೆದಂತೆ ಬುಸ್ಸೆನ್ನುತ್ತ ಬೆಳ್ಳಗೆ ಉರಿಯುತ್ತಿತ್ತು. ಮದುವೆಯ ಮೆರವಣಿಗೆಗೆ, ಗಣೇಶನನ್ನು ಬಿಡುವುದಕ್ಕೆ, ಎಲ್ಲಕ್ಕೂ ಅದೇ ಬೆಳಕು. ಆ ಸೀಮೆಎಣ್ಣೆ, ಮಲ್ಲಿಗೆ ಹೂವು, ಓಲಗದವರ ಬೆವರು ಎಲ್ಲ ಸೇರಿದ ಒಂದು ವಾಸನೆ ಇತ್ತು. ಈಗಲೂ ಯಾವುದಾದರೂ ಹಳೆಯ ಛತ್ರದ ಮುಂದೆ ಹಾದುಹೋಗುವಾಗ ಮೂಗು ಅದನ್ನು ಹುಡುಕುತ್ತದೆ.

ಆ ದೀಪಗಳು ತಾವಾಗಿ ನಡೆದುಹೋಗುತ್ತಿದ್ದವೇ? ಇಲ್ಲ. ತಲೆಯ ಮೇಲೆ ಬಟ್ಟೆಯ ಸಿಂಬೆ ಇಟ್ಟು, ಸಿಂಬೆಯ ಮೇಲೆ ಹಲಗೆ, ಹಲಗೆಯ ಮೇಲೆ ಉರಿಯುವ ದೀಪ ಹೊತ್ತು ಆಳುಗಳು ನಡೆಯುತ್ತಿದ್ದರು. ಆದ್ದರಿಂದ ಅಂಗಡಿಯಲ್ಲಿ ಲೆಕ್ಕವೆಲ್ಲ ತಲೆಗಳಲ್ಲಿ. ಮದುವೆಯವರು ಬಂದರೆ ಚಿಕ್ಕಪ್ಪ ಕೇಳುತ್ತಿದ್ದ ಮೊದಲ ಮಾತೇ "ಎಷ್ಟು ತಲೆ?"

ಬಸವನಗುಡಿಯ ಒಬ್ಬ ಹೆಣ್ಣಿನ ತಂದೆ ಇದನ್ನು ಊಟದ ಲೆಕ್ಕ ಎಂದುಕೊಂಡು ಗಂಭೀರವಾಗಿ "ಮುನ್ನೂರು" ಎಂದುಬಿಟ್ಟರು. ಚಿಕ್ಕಪ್ಪ ಕುರ್ಚಿಯಿಂದ ಎದ್ದು ನಿಂತರು. "ಸ್ವಾಮಿ, ಊರಿಗೆಲ್ಲಾ ಬೆಂಕಿ ಹಚ್ಚಬೇಕೂಂತಿದ್ದೀರೋ, ಮಗಳ ಮದುವೆ ಮಾಡ್ತಿದ್ದೀರೋ?"

ಅಂಗಡಿಗೆ ಒಂದು ನಿಯಮವಿತ್ತು. ಒಮ್ಮೆ ಹೊತ್ತ ದೀಪವನ್ನು ಮೆರವಣಿಗೆ ಛತ್ರ ಮುಟ್ಟುವ ತನಕ ಇಳಿಸುವಂತಿಲ್ಲ. ಗಂಡಿನ ಕಡೆಯವರು ದಾರಿಯಲ್ಲಿ ನಿಂತು ಕುಣಿಯಲಿ, ಮುನಿಸಿಕೊಳ್ಳಲಿ, ದೀಪ ತಲೆಯ ಮೇಲೇ ಇರಬೇಕು. ಹೊರುವವರಲ್ಲಿ ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದವನು ಮುನಿಯಪ್ಪ. ಅವನ ತಲೆಯ ಮೇಲಿನ ದೀಪ ಅಲುಗಿದ್ದನ್ನು ಯಾರೂ ನೋಡಿಲ್ಲ ಎಂದು ಚಿಕ್ಕಪ್ಪ ಇವತ್ತಿಗೂ ಹೇಳುತ್ತಾರೆ.

ಆಮೇಲೆ ಜನರೇಟರ್ ಗಾಡಿ ಬಂತು. ತಳ್ಳುಗಾಡಿಯ ಮೇಲೆ ಟ್ಯೂಬ್‌ಲೈಟು ನಿಲ್ಲಿಸಿಕೊಂಡು ಮದುಮಕ್ಕಳು ಹೊರಟರು. ಅಂಗಡಿ ಮುಚ್ಚಿತು. ಚಿಕ್ಕಪ್ಪ ಗಾಂಧಿನಗರದ ಒಂದು ಆಫೀಸಿನಲ್ಲಿ ಗುಮಾಸ್ತರಾದರು. ಮುನಿಯಪ್ಪ ಮಾರ್ಕೆಟ್ಟಿನಲ್ಲಿ ಮೂಟೆ ಹೊರಲು ಹೋದ.

ಸೋಲಾರಿನ ಮೇಲೆ ಚಿಕ್ಕಪ್ಪನಿಗೆ ಇದ್ದ ಸಿಟ್ಟಿನ ಮೂಲ ಇಲ್ಲಿದೆ. "ನನ್ನ ಗ್ಯಾಸ್‌ಲೈಟು ಸಾಯ್ತಾ ಇದ್ದಾಗ ಯಾವ ಸರ್ಕಾರ ಬಂತಯ್ಯ? ಒಂದು ಪೈಸೆ ಸಬ್ಸಿಡಿ ಇಲ್ದೆ ಇಡೀ ಪೇಟೆಗೆ ಬೆಳಕು ಕೊಟ್ಟೋನು ನಾನು!" ಈ ಮಾತನ್ನು ನಾನು ಕೇಳಿರುವಷ್ಟು ಸಲ ಸುಪ್ರಭಾತವನ್ನೂ ಕೇಳಿಲ್ಲ.

ಸಂಪಿಗೆ ರಸ್ತೆಯಲ್ಲಿ ಒಮ್ಮೆ ಸೋಲಾರಿನವರು ಕೊಡೆ ಹಾಕಿಕೊಂಡು ಕೂತಿದ್ದರು. ಅಲ್ಲಿದ್ದ ಟೈ ಕಟ್ಟಿದ ಯುವಕ ಉತ್ಸಾಹದಿಂದ, "ಬಿಸಿಲು ಫ್ರೀ ಸಾರ್, ಪೂರ್ತಿ ಫ್ರೀ!" ಎಂದ.

"ಫ್ರೀ ಆದ್ರೆ ಸಬ್ಸಿಡಿ ಯಾತಕ್ಕಪ್ಪ?"

"ಅದು... ಪ್ಯಾನಲ್ಲಿಗೆ ಸಾರ್. ಇದ್ರಿಂದ ತುಂಬಾ ಜನಕ್ಕೆ ಕೆಲ್ಸ ಸಿಗುತ್ತೆ."

"ಸಿಗುತ್ತೆ. ಯಾರ ತಲೆ ಮೇಲೆ?"

ಯುವಕ ಮೇಲೆ ನೋಡಿದ. ಅಲ್ಲಿ ಕೊಡೆ ಮಾತ್ರ ಇತ್ತು.

ಇಷ್ಟರವರೆಗೆ ಎಲ್ಲವೂ ತಮಾಷೆಯೇ. ಒಂದು ಭಾನುವಾರ ನಾನು ಚಿಕ್ಕಪ್ಪನ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಮುನಿಯಪ್ಪನ ಮಗಳು ರತ್ನ ಬಂದಳು. ಮುನಿಯಪ್ಪ ತೀರಿಕೊಂಡು ಬಹಳ ವರ್ಷವಾಗಿದೆ. ಅವನ ಮನೆಯವರು ಹಬ್ಬಕ್ಕೆ ಬಂದುಹೋಗುವುದು ನಿಂತಿಲ್ಲ. ರತ್ನ ಐಟಿಐನಲ್ಲಿ ವೈರಿಂಗ್ ಕಲಿತವಳು. ಸರ್ಕಾರದ ತರಬೇತಿ ಮುಗಿಸಿ, ಸೋಲಾರ್ ಹಾಕುವ ಒಂದು ಸಣ್ಣ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ್ದಳು. ಚಿಕ್ಕಪ್ಪನ ಶತ್ರುಪಾಳಯದಲ್ಲಿ!

ಅವಳು ಸುತ್ತುಬಳಸಿ ಮಾತಾಡಲಿಲ್ಲ. ಸಬ್ಸಿಡಿಯ ಹಣ ಎಲ್ಲೋ ತಡವಾಗಿದೆ, ಜನ "ಅದು ಬರ್ಲಿ, ಆಮೇಲೆ ನೋಡೋಣ" ಎನ್ನುತ್ತಿದ್ದಾರೆ, ಹೊಸ ಆರ್ಡರು ಇಲ್ಲ. ತಿಂಗಳ ಕೊನೆಯೊಳಗೆ ಕೆಲಸ ತರದವರು ಮನೆಗೆ ಹೋಗಬೇಕು ಎಂದು ಯಜಮಾನ ಹೇಳಿದ್ದಾನೆ. ಅವಳ ಸಂಬಳದಲ್ಲೇ ಮನೆ ನಡೆಯಬೇಕು.

"ನಿಮ್ಮ ತಾರಸಿ ಕೇಳೋಣಾಂತ ಬಂದೆ ಯಜಮಾನ್ರೇ."

ಚಿಕ್ಕಪ್ಪ ಲೋಟ ಕೆಳಗಿಟ್ಟರು. ಇನ್ನು ದೇವರೇ ಗತಿ ಎಂದುಕೊಂಡೆ.

"ನೋಡಮ್ಮ, ನಿಂಗೆ ಬೇಜಾರಾಗ್ಬಾರ್ದು. ಸಬ್ಸಿಡಿ ಅಂದ್ರೆ ಗ್ಯಾಸ್‌ಲೈಟಿಗೆ ಪಂಪು ಹೊಡೆದ ಹಾಗೆ. ಹೊಡೀತಾ ಇದ್ರೆ ಝಗ್ ಅಂತ ಉರಿಯುತ್ತೆ. ಕೈ ನಿಲ್ಸಿದ್ರೆ ಮ್ಯಾಂಟಲ್ಲು ಕೆಂಪಗಾಗುತ್ತೆ. ಈಗ ನೋಡು, ಸರ್ಕಾರದ ಕೈ ನಿಂತಿದೆ, ನಿನ್ನ ಕೆಲ್ಸ ಕೆಂಪಗಾಗಿದೆ. ಹೌದೋ ಅಲ್ವೋ?"

"ಹೌದು."

"ಆ ಪಂಪು ಹೊಡಿಯೋ ದುಡ್ಡು ಎಲ್ಲಿಂದ ಬಂತು? ಆಚೆ ಬೀದಿಯವನು ಒಂದು ಷರ್ಟು ಹೊಲಿಸ್ಬೇಕೂಂತಿದ್ದ, ತೆರಿಗೆ ಕಟ್ಟಿ ಸುಮ್ನಾದ. ಟೈಲರಿಗೆ ಕೆಲ್ಸ ಹೋಯ್ತು. ತಾರಸಿ ಮೇಲಿರೋ ನೀನು ಎಲ್ರಿಗೂ ಕಾಣ್ಸ್ತೀಯ. ಆ ಟೈಲರು ಯಾರಿಗೂ ಕಾಣ್ಸಲ್ಲ. ಇನ್ನೊಂದು, ತಾರಸಿ ಇರೋದು ನನ್ನಂಥೋರಿಗೆ. ನಿನ್ನ ಬಾಡಿಗೆ ಮನೆಗೆ ತಾರಸಿ ಇದೆಯೇನು? ತಾರಸಿ ಇಲ್ದೋರೂ ಬೆಂಕಿಪೊಟ್ಟಣದಿಂದ ಹಿಡಿದು ಎಲ್ಲಕ್ಕೂ ತೆರಿಗೆ ಕಟ್ತಾರೆ. ಅವರ ದುಡ್ಡಲ್ಲಿ ನಾನು ಕರೆಂಟ್ ಬಿಲ್ ಉಳ್ಸ್ಕೊಳ್ಳೋದು ನ್ಯಾಯವೇನಮ್ಮ?"

ನಿಜ ಹೇಳಬೇಕೆಂದರೆ, ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ.

"ನಿಮ್ಮ ಲೆಕ್ಕ ಸರಿ ಇರ್ಬೋದು ಯಜಮಾನ್ರೇ. ಆ ಟೈಲರು ಕಾಣ್ಸಲ್ಲ, ಒಪ್ಕೋತೀನಿ. ನಾನು ನಿಮ್ಮೆದುರಿಗೇ ಕೂತಿದೀನಲ್ಲ."

ಚಿಕ್ಕಪ್ಪ ತಡವರಿಸಿದರು. ತಡವರಿಸಿದಾಗ ಅವರು ಹಿಡಿಯುವ ದಾರಿ ಒಂದೇ: "ನನ್ನ ಗ್ಯಾಸ್‌ಲೈಟಿಗೆ ಯಾವ ಸರ್ಕಾರ..."

"ಸಾಕು ನಿಲ್ಲಿಸ್ರೀ!" ಒಳಗಿನಿಂದ ಚಿಕ್ಕಮ್ಮನ ದನಿ. ಸೌಟು ಹಿಡಿದೇ ಹೊರಗೆ ಬಂದರು. "ಸಬ್ಸಿಡಿ ಇರ್ಲಿಲ್ವಂತೆ! ಸೀಮೆಎಣ್ಣೆ ಎಲ್ಲಿಂದ ಬರ್ತಿತ್ತು, ಆಕಾಶದಿಂದ ಉದುರ್ತಿತ್ತಾ?"

"ಅಂಗಡಿಯಿಂದ."

"ರೇಷನ್ ಅಂಗಡಿಯಿಂದ! ಹೊರಗಡೆ ರೇಟಿಗೆ ತಗೊಂಡಿದ್ರೆ ನಿಮ್ಮ ಅಂಗಡಿ ಆರು ತಿಂಗಳೂ ನಡೀತಿರ್ಲಿಲ್ಲ. ಕ್ಯೂ ನಿಂತು ತರ್ತಿದ್ದೋಳು ನಾನು. ನೀವು ಪಂಪು ಹೊಡೀತಿದ್ರಿ ಅಷ್ಟೇ."

ನಾನು ನಕ್ಕೆ. ನಗುವಂಥ ಮಾತೇ ಅಲ್ಲವೇ? ಸಬ್ಸಿಡಿಯ ಪರಮಶತ್ರು ಅಷ್ಟೂ ವರ್ಷ ಉರಿಸಿದ್ದು ಸಬ್ಸಿಡಿಯ ಎಣ್ಣೆ! ಚಿಕ್ಕಪ್ಪ ಮಾತ್ರ ಕೊನೆಯ ಹಗ್ಗ ಹಿಡಿದರು. "ಒಂದು ಕಾರ್ಡಲ್ಲಿ ಅಷ್ಟೊಂದು ಎಣ್ಣೆ ಎಲ್ಲಿ ಕೊಡ್ತಿದ್ರೇ?"

"ನಮ್ಮದೊಂದೇ ಅಂತ ಯಾರು ಹೇಳಿದ್ರು? ಲೈಟು ಹೊರೋರು ತಮ್ಮ ಕಾರ್ಡುಗಳನ್ನೂ ನನ್ನ ಕೈಲಿ ಕೊಡ್ತಿದ್ರು. ಮುನಿಯಪ್ಪಂದು ಯಾವಾಗಲೂ ಮೊದಲು."

"ನಂಗೆ ಹೇಳ್ಲೇ ಇಲ್ವಲ್ಲ ನೀನು."

"ನೀವು ಕೇಳ್ಲೇ ಇಲ್ವಲ್ಲ. ಊರೋರ್ನೆಲ್ಲ ಕೇಳ್ತೀರ, ಯಾರ ತಲೆ ಮೇಲೆ ಅಂತ."

ರತ್ನ ಮೆಲ್ಲಗೆ ನಕ್ಕಳು. ಅವಳ ನಗುವಿನಲ್ಲಿ ಕಹಿ ಇರಲಿಲ್ಲ. ಅದನ್ನು ನಾನು ಗಮನವಿಟ್ಟು ನೋಡಿದ್ದೇನೆ. "ಅಮ್ಮ ಹೇಳ್ತಿದ್ಲು. ಮನೇಲಿ ಬುಡ್ಡಿದೀಪಕ್ಕೆ ಎಣ್ಣೆ ಇಲ್ದೆ ಹೊತ್ತು ಮುಳುಗೋದ್ರೊಳಗೆ ಉಂಡು ಮಲಗ್ತಿದ್ರಂತೆ. ಅಮ್ಮ ಬೈದ್ರೆ ಅಪ್ಪ, 'ಯಜಮಾನ್ರ ಲೈಟು ದಾರೀಲಿ ಆರಬಾರ್ದು ಕಣೇ' ಅಂತಿದ್ರಂತೆ."

ಚಿಕ್ಕಪ್ಪನ ಮುಂದಿದ್ದ ಕಾಫಿ ಆರಿತು. ಚಿಕ್ಕಮ್ಮ ಅದನ್ನು ತೆಗೆದುಕೊಂಡು ಹೋಗಿ ಬಿಸಿಮಾಡಿ ತಂದರು. ಅದೂ ಆರಿತು.

ಮರುವಾರ ಫೋನು ಬಂತು. "ಲೋ, ನಾಳೆ ಬಾ. ತಾರಸಿ ಮೇಲೆ ಹಾಕಿಸ್ತಿದೀನಿ."

"ಸಬ್ಸಿಡಿ ಬಂತಾ ಚಿಕ್ಕಪ್ಪ?"

"ನಂಗೆ ಬೇಡ ಅಂತ ಬರೆದುಕೊಟ್ಟಿದೀನಿ. ಪೂರ್ತಿ ನನ್ನ ತಲೆ ಮೇಲೆ."

ಹಿಂದಿನಿಂದ ಚಿಕ್ಕಮ್ಮ ಕೂಗಿದರು: "ನಾನು ಒಂದು ಜೊತೆ ಬಳೆ ಕೇಳಿದಾಗ, ಈಗ ಮುರಿಸಿದ ಆ ಎಫ್‌ಡಿಯನ್ನ ದೇವ್ರು ಬಂದ್ರೂ ಮುರಿಯೋ ಹಾಗಿರ್ಲಿಲ್ಲ, ಕೇಳು!"

ನಾನು ಹೋದಾಗ ಪ್ಯಾನಲ್ಲುಗಳು ಆಗಲೇ ತಾರಸಿ ಸೇರಿದ್ದವು. ರತ್ನ ತಲೆಗೆ ಹಳದಿ ಟೋಪಿ ಹಾಕಿಕೊಂಡು ಕಬ್ಬಿಣದ ಚೌಕಟ್ಟನ್ನು ಬಿಗಿ ಮಾಡುತ್ತಿದ್ದಳು. ಅವಳ ಜೊತೆಗೆ ಇನ್ನೊಬ್ಬ ಕೆಲಸಗಾರ. "ಒಂದು ತಾರಸಿಯಿಂದ ನಿನ್ನ ಕೆಲ್ಸ ಉಳಿಯುತ್ತಾ?" ಎಂದು ನಾನು ಮೆಲ್ಲಗೆ ಕೇಳಿದೆ.

"ಈ ತಿಂಗಳು ಉಳಿಯುತ್ತೆ. ಮುಂದಿನ ತಿಂಗಳು ಗೊತ್ತಿಲ್ಲ ಸಾರ್."

ಚಿಕ್ಕಪ್ಪನ ಕಿವಿ ಚುರುಕು. "ಒಂದು ಮದುವೇಲಿ ನನ್ನ ಅಂಗಡೀನೂ ನಡೀತಿರ್ಲಿಲ್ಲಮ್ಮ. ಆ ಬೆಳಕು ನೋಡಿ ಇನ್ನೊಬ್ರು ಬರ್ತಿದ್ರು. ಎದುರು ಮನೆಯೋರಿಗೆ ಸಂಜೆ ಕಾಫಿಗೆ ಹೇಳಿದೀನಿ, ಪಕ್ಕದ ಮನೆಯೋರಿಗೂ." ಎನ್ನುತ್ತ ಅವರು ಮೆಟ್ಟಿಲು ಹತ್ತಿ ಮೇಲೆ ಬಂದರು. ತಲೆಯ ಮೇಲೆ ಚಿಕ್ಕಮ್ಮನ ಹಳೆಯ ಸೀರೆಯನ್ನು ಸುತ್ತಿ ಮಾಡಿದ ಸಿಂಬೆ!

ನಾನು ಜೋರಾಗಿ ನಕ್ಕೆ. ಅವರು ನಗಲಿಲ್ಲ.

"ಒಂದನ್ನ ನನ್ನ ತಲೆ ಮೇಲಿಡಿ."

ರತ್ನ ಬೇಡ ಎಂದಳು. ನಾನು ಬೇಡ ಎಂದೆ. ಕೆಳಗಿನಿಂದ ಚಿಕ್ಕಮ್ಮ ಆ ಮನೆಯಲ್ಲಿ ಸಾಮಾನ್ಯವಾಗಿ ಕೇಳದ ಮಾತುಗಳನ್ನೆಲ್ಲ ಆಡಿದರು. ಚಿಕ್ಕಪ್ಪ ನಿಂತ ಜಾಗ ಬಿಡಲಿಲ್ಲ. ಕೊನೆಗೆ ನಾವು ಮೂವರೂ ಸೇರಿ ಒಂದು ಪ್ಯಾನಲ್ ಎತ್ತಿ, ಭಾರವೆಲ್ಲ ನಮ್ಮ ಕೈಯಲ್ಲೇ ಇರುವಂತೆ ಹಿಡಿದು, ಸುಮ್ಮನೆ ಸಿಂಬೆಗೆ ತಾಗಿಸಿದೆವು. ತಾಗಿಸಿದೆವು ಎಂದುಕೊಂಡೆವು. ಅವರು ಕೈ ಎತ್ತಿ ಅದರ ಅಂಚು ಹಿಡಿದು, ಕತ್ತು ನೆಟ್ಟಗೆ ಮಾಡಿದರು. ನನ್ನ ಕೈ ಹಗುರಾಯಿತು. ಅವರ ಕುತ್ತಿಗೆಯ ನರ ಉಬ್ಬಿತು.

ನೆತ್ತಿಯ ಮೇಲೆ ಬಿಸಿಲು. ರತ್ನಳ ಮುಖ, ನನ್ನ ಮುಖ, ಪಕ್ಕದ ತಾರಸಿಯಿಂದ ಇಣುಕುತ್ತಿದ್ದವರ ಮುಖ, ಎಲ್ಲವೂ ಬಿಸಿಲಿನಲ್ಲಿ ಬೆಳಗುತ್ತಿದ್ದವು. ಪ್ಯಾನಲ್ಲಿನ ನೆರಳು ಬಿದ್ದು ಚಿಕ್ಕಪ್ಪನ ಮುಖವೊಂದೇ ಕಾಣುತ್ತಿರಲಿಲ್ಲ. ಆಗ ನನಗೆ ಹೊಳೆಯಿತು. ಆ ಮೆರವಣಿಗೆಗಳ ಮದುಮಕ್ಕಳು, ಓಲಗದವರು, ಯಾರ್ಯಾರ ಮುಖವೋ ನನಗೆ ನೆನಪಿದೆ. ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದ ಮುನಿಯಪ್ಪನ ಮುಖ ಮಾತ್ರ ಎಷ್ಟು ಯೋಚಿಸಿದರೂ ಬರುತ್ತಿಲ್ಲ. ದೀಪದ ಬುಡದ ನೆರಳು ಅವನ ಮುಖದ ಮೇಲೇ ಬೀಳುತ್ತಿತ್ತು.

"ಸಾಕು, ಇಳಿಸಿ ಯಜಮಾನ್ರೇ" ಎಂದಳು ರತ್ನ.

ನೆರಳಿನೊಳಗಿನಿಂದ ಚಿಕ್ಕಪ್ಪನ ದನಿ ಬಂತು:

"ಇರಮ್ಮ. ಮೆರವಣಿಗೆ ಇನ್ನೂ ಛತ್ರ ಮುಟ್ಟಿಲ್ಲ."