ಕಂಪ್ಯೂಟರಿನಲ್ಲಿದ್ದ ಕುರ್ಚಿಗಳು

ಒಂದು ಫೈಲನ್ನು ನಕಲು ಮಾಡುವುದು ದೋಸೆ ಹಿಟ್ಟು ರುಬ್ಬುವುದಕ್ಕಿಂತ ಸುಲಭ ಎಂದು ನಾನು ನಂಬಿದ್ದೆ. ಹಿಟ್ಟು ಹುಳಿಯಾದರೆ ಮನೆಯವರಿಗೆ ಮಾತ್ರ ಗೊತ್ತಾಗುತ್ತದೆ. ಫೈಲು ಹುಳಿಯಾದರೆ ಮೂಡಬಿದಿರೆಯವರೆಗೂ ಗೊತ್ತಾಗುತ್ತದೆ ಎಂಬುದು ಆಮೇಲೆ ತಿಳಿಯಿತು.

ವಾಮದಪದವಿನಲ್ಲಿ ನಮ್ಮದು ಕುರ್ಚಿ, ಮೇಜು, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ಕಳೆದ ಬೇಸಿಗೆಯ ಕೊನೆಗೆ ನನ್ನ ಯಜಮಾನರು ತೀರಿಕೊಂಡರು. ಒಂದು ಮದುವೆಗೆ ಪಾತ್ರೆ ಕಳಿಸಿ, ಕೈಕಾಲು ತೊಳೆದು, ಕೂತವರು ಏಳಲಿಲ್ಲ. ಆ ಹೊತ್ತಿನಲ್ಲೂ ಪಾತ್ರೆಗಳು ಮದುವೆ ಮನೆಗೆ ಸರಿಯಾಗಿ ತಲುಪಿದವು. ಹೇಳಿದ ಕುರ್ಚಿ ಹೇಳಿದ ಹೊತ್ತಿಗೆ ಹೋಗಬೇಕು ಎಂಬುದು ಅವರ ಒಂದೇ ಒಂದು ಹಠ. ಪ್ರತಿ ಕುರ್ಚಿಯ ಬೆನ್ನಿಗೂ ಅಂಗಡಿಯ ಹೆಸರನ್ನು ತಾವೇ ನೀಲಿ ಬಣ್ಣದಲ್ಲಿ ಬರೆದಿದ್ದರು. ತಪ್ಪಾದರೆ ಬೈಗುಳ ಹುಡುಕಿಕೊಂಡು ಬರಲಿಕ್ಕೆ ವಿಳಾಸ ಬೇಕಲ್ಲ, ಎನ್ನುತ್ತಿದ್ದರು.

ಲೆಕ್ಕಕ್ಕೆ ಅವರು ಕಂಪ್ಯೂಟರಿನಲ್ಲಿ ಒಂದು ಫೈಲು ಮಾಡಿದ್ದರು. ಅದರಲ್ಲಿ ಮೂರು ಶೀಟುಗಳು. ಒಂದರಲ್ಲಿ ಗೋಡಾನಿನಲ್ಲಿರುವ ಸಾಮಾನು. ಇನ್ನೊಂದರಲ್ಲಿ ಯಾವ ದಿನ ಯಾರಿಗೆ ಏನು ಎಂಬ ಬುಕಿಂಗ್. ಮೂರನೆಯದು ಇವೆರಡನ್ನೂ ನೋಡಿ, ಆ ದಿನಕ್ಕೆ ಎಷ್ಟು ಕುರ್ಚಿ ಉಳಿದಿದೆ ಎಂದು ತಾನಾಗಿ ಹೇಳುತ್ತಿತ್ತು. ಬುಕಿಂಗ್ ಶೀಟಿನಲ್ಲಿ ಒಂದು ಹೆಸರು ಬರೆದರೆ ಮೂರನೆಯ ಶೀಟಿನಲ್ಲಿ ಕುರ್ಚಿ ಕಡಿಮೆಯಾಗುತ್ತಿತ್ತು. ಒಂದೂ ಉಳಿಯದಿದ್ದರೆ ಆ ಅಂಕಿ ಕೆಂಪಾಗುತ್ತಿತ್ತು.

ಅಂಗಡಿ ಮತ್ತೆ ತೆರೆದಾಗ ನಾನು ಆ ಫೈಲಿನಲ್ಲಿ ಬರೆಯಲಿಲ್ಲ. ಬುಕಿಂಗ್ ಶೀಟಿನ ಕೊನೆಯ ಸಾಲು ಅವರು ಬರೆದದ್ದು. ಅದರ ಕೆಳಗೆ ನನ್ನದೊಂದು ಸಾಲು ಬಂದರೆ ಅವರದು ಕೊನೆಯದಾಗಿ ಉಳಿಯುವುದಿಲ್ಲ. ಅದಕ್ಕೆ ಹೊಸ ಫೈಲು ಮಾಡಿದೆ. ಸಾಮಾನಿನ ಶೀಟನ್ನೂ ಉಳಿಕೆಯ ಶೀಟನ್ನೂ ಅವರ ಫೈಲಿನಿಂದ ನಕಲು ಮಾಡಿ ತಂದೆ. ಬುಕಿಂಗ್ ಶೀಟನ್ನು ಮಾತ್ರ ಹೊಸದಾಗಿ, ಖಾಲಿಯಾಗಿ ಮಾಡಿಕೊಂಡೆ. ಪಿಯುಸಿ ಓದಿದವಳಿಗೆ ಇದು ಸಾಧಾರಣ ಸಾಧನೆಯಲ್ಲ!

ಬೆಳಿಗ್ಗೆ ಅಂಗಡಿಗೆ ಹೋದ ಕೂಡಲೇ ಮೊದಲು ಅವರ ಫೈಲು ತೆರೆಯುತ್ತಿದ್ದೆ. ಸ್ವಲ್ಪ ಹೊತ್ತು ನೋಡುತ್ತಿದ್ದೆ. ಆಮೇಲೆ ಅದನ್ನು ಮುಚ್ಚದೆಯೇ ನನ್ನದು ತೆರೆದು ಕೆಲಸ. ಹೀಗೆ ಮಳೆಗಾಲ ಕಳೆಯಿತು.

ಒಂದು ದಿನ ಕರೆಂಟು ಹೋಗಿ ಬಂತು. ಅವಸರದಲ್ಲಿ ನನ್ನ ಫೈಲು ಮಾತ್ರ ತೆರೆದೆ. ಉಳಿಕೆಯ ಶೀಟಿನಲ್ಲಿ ಅಂಕಿಗಳೇ ಇಲ್ಲ, ಉದ್ದಕ್ಕೂ ಏನೋ ತಪ್ಪಿನ ಗುರುತು. ಪಕ್ಕದ ಮನೆಯ ಜಯಂತಿ ಟೀಚರನ್ನು ಕೂಗಿದೆ. ಶಾಲೆಯಿಂದ ಕಂಪ್ಯೂಟರ್ ತರಬೇತಿಗೆ ಹೋಗಿ ಬಂದವರು. ಅಲ್ಲಿ ಊಟ ಭಾರೀ ಲಾಯ್ಕಿತ್ತು ಎಂದು ಅವರೇ ಹೇಳಿದ್ದರು.

"ಎಂತದಿದು ಮಾರಾಯ್ತಿ! ಶೀಟಿನಿಂದ ಶೀಟಿಗೆ ಕೊಂಡಿ ಇರ್ತದೆ. ಅದು ಎಲ್ಲಿಯೋ ಸಡಿಲ ಆಗಿದೆ."

"ಗಟ್ಟಿ ಮಾಡುದು ಹೇಗೆ ಟೀಚರ್?"

"ಮೊದಲು ಆಫ್ ಮಾಡಿ ಆನ್ ಮಾಡುವ."

ಮಾಡಿದೆವು. ಆನ್ ಆದ ಮೇಲೆ ಅಭ್ಯಾಸದಂತೆ ಮೊದಲು ಅವರ ಫೈಲು, ಆಮೇಲೆ ನನ್ನದು ತೆರೆದೆ. ತಪ್ಪಿನ ಗುರುತುಗಳೆಲ್ಲ ಮಾಯ! ಅಂಕಿಗಳು ಬಂದು ಸಾಲಾಗಿ ಕೂತವು.

"ನೋಡಿ," ಎಂದರು ಟೀಚರ್, "ತರಬೇತಿಯಲ್ಲಿ ಇದನ್ನೇ ಹೇಳಿ ಕೊಟ್ಟದ್ದು."

ದುರಸ್ತಿ ಯಶಸ್ವಿಯಾಯಿತೆಂದು ನಾವಿಬ್ಬರೂ ಚಹಾ ಕುಡಿದೆವು. ಕುರ್ಚಿಗಳು ಯಾವ ದಿನ ನೋಡಿದರೂ ಪೂರ್ತಿ ಉಳಿದಿದ್ದವು. ವ್ಯಾಪಾರ ಕಡಿಮೆ, ಅದಕ್ಕೆ ಹೀಗೆ, ಎಂದು ನಾನು ಸಣ್ಣದೊಂದು ದುಃಖವನ್ನೂ ಪಟ್ಟೆ.

ಮದುವೆ ಸೀಸನ್ ಸುರುವಾಯಿತು. ಮೂಡಬಿದಿರೆಯ ನೇಮಣ್ಣ ಮೊಮ್ಮಗಳ ನಿಶ್ಚಿತಾರ್ಥಕ್ಕೆ ಕುರ್ಚಿ, ಮೇಜು ಹೇಳಿದರು. ಅದೇ ದಿನಕ್ಕೆ ಮುಂಡಾಜೆಯಲ್ಲೊಂದು ಹೊಸ ಮನೆಯ ಒಕ್ಕಲು. ಉಳಿಕೆಯ ಶೀಟು ನೋಡಿದೆ. ಎಲ್ಲ ಉಂಟು. ಇಬ್ಬರಿಗೂ ಹೂಂ ಎಂದೆ.

ನಮ್ಮ ಪಿಕಪ್ ಓಡಿಸುವ ಲತೀಫ್ ತಲೆ ಕೆರೆದುಕೊಂಡಿದ್ದ. "ಅಕ್ಕ, ಅಷ್ಟು ಕುರ್ಚಿ ನಮ್ಮಲ್ಲಿ ಉಂಟಾ?"

"ಕಂಪ್ಯೂಟರಿನಲ್ಲಿ ಉಂಟು."

ಆ ದಿನ ಬೆಳಿಗ್ಗೆ ಅವನು ಮುಂಡಾಜೆಗೆ ಕುರ್ಚಿ ಇಳಿಸಿ ಬಂದ. ಮಧ್ಯಾಹ್ನ ಗೋಡಾನಿನಿಂದ ಫೋನು.

"ಅಕ್ಕ, ಇಲ್ಲಿ ಕುರ್ಚಿ ಇಲ್ಲ. ಕಾಲು ಮುರಿದದ್ದೊಂದು ಉಂಟು."

"ಸರಿಯಾಗಿ ನೋಡು ಮಾರಾಯ! ಶೀಟಿನಲ್ಲಿ ಉಂಟು!"

"ಹಾಗಾದರೆ ಶೀಟನ್ನೇ ಪಿಕಪ್ಪಿಗೆ ಹಾಕಿ ಕೊಡಿ ಅಕ್ಕ. ನೇಮಣ್ಣನವರು ಅದರ ಮೇಲೆ ಕೂತುಕೊಳ್ಳಲಿ."

ನೇಮಣ್ಣನವರೂ ನಮ್ಮ ಹಾಗೆ ಜೈನರು, ಹೊತ್ತು ಮುಳುಗಿದ ಮೇಲೆ ಊಟ ಮಾಡುವವರಲ್ಲ. ಸಂಜೆಯ ನಿಶ್ಚಿತಾರ್ಥವೆಂದರೆ ಬೆಳಕಿರುವಾಗಲೇ ನೆಂಟರೆಲ್ಲ ಕೂತು, ಉಂಡು, ಏಳಬೇಕು. ಬೇರೆಯವರಿಗಾದರೆ ಸ್ವಲ್ಪ ತಡವಾಯಿತು ಎನ್ನಬಹುದಿತ್ತು. ಸೂರ್ಯನಿಗೆ ಹಾಗೆ ಹೇಳಲಾಗುವುದಿಲ್ಲ!

ಲತೀಫ್ ತಿರುಗಿ ಮುಂಡಾಜೆಗೆ ಓಡಿದ. ನಾನು ರಿಕ್ಷಾ ಹಿಡಿದು ಮೂಡಬಿದಿರೆಗೆ ಹೋದೆ. ದಾರಿಯಲ್ಲಿ ಅವನ ಫೋನು. "ಅಕ್ಕ, ಇಲ್ಲಿ ಇನ್ನೂ ಊಟದ ಹಂತಿ ಏಳಲಿಲ್ಲ. ಪಾಯಸ ಬಡಿಸ್ತಾ ಇದ್ದಾರೆ. ಪಾಯಸ ಉಣ್ಣುವವರನ್ನು ಎಬ್ಬಿಸುದು ಹೇಗೆ?"

"ಕಾಯಿ."

"ಕಾಯ್ತೇನೆ. ನನಗೂ ಎಲೆ ಹಾಕಿದ್ದಾರೆ."

ನೇಮಣ್ಣ ಗೇಟಿನಲ್ಲೇ ನಿಂತಿದ್ದರು. ನನ್ನ ಹಿಂದೆ ಕುರ್ಚಿಗಳೂ ಬರುತ್ತಿವೆಯೇನೋ ಎಂದು ರಸ್ತೆ ನೋಡಿದರು. ನಾನು ವಿಷಯ ಹೇಳಿದೆ. ಅವರು ಬೈಯಲಿಲ್ಲ. ಪಡುವಣದ ಕಡೆ ಮುಖ ಮಾಡಿ, "ಹೊತ್ತು ನಿಲ್ಲುದಿಲ್ಲ ಅಕ್ಕ. ಚಾಪೆ ಹಾಕುವ," ಎಂದರು. ಬೈದಿದ್ದರೆ ಒಳ್ಳೆಯದಿತ್ತು.

ಚಾಪೆ, ಜಮಖಾನ, ಮಂಚದ ಮೇಲಿನ ಹಾಸು, ಎಲ್ಲ ಅಂಗಳಕ್ಕೆ ಬಂತು. ನೆಂಟರು ನೆಲದಲ್ಲಿ ಕೂತರು. ಗಂಡಿನ ಕಡೆಯವರು ಕೂತರು. ರೇಷ್ಮೆ ಸೀರೆಗಳು ಕೂತವು. ಹೊತ್ತಿಗೆ ಸರಿಯಾಗಿ ಊಟವೂ ಆಯಿತು. ಆದರೆ ಕೂತ ಅಜ್ಜಿಯಂದಿರು ಏಳಲಿಲ್ಲ! ಗಂಟು ನೋವು. ಎಲೆಯ ಮುಂದೆ ಸಾಲಾಗಿ ಕೈ ಮೇಲೆತ್ತಿ ಕೂತುಬಿಟ್ಟರು. ಅವರನ್ನು ಒಬ್ಬೊಬ್ಬರಾಗಿ ಎತ್ತುವ ಕೆಲಸ ನ್ಯಾಯವಾಗಿ ನನಗೇ ಬಂತು.

ಕೊನೆಯವರು ನೇಮಣ್ಣನ ಅಕ್ಕ ಪದ್ಮಕ್ಕ. ಗಾತ್ರದಲ್ಲಿ ಅವರೇ ಮೊದಲಿನವರು. ಎರಡು ಸಲ ಎತ್ತಿದೆ, ಎರಡು ಸಲ ಕೂತರು. ಮೂರನೆಯ ಸಲ ನಾನೂ ಅವರ ಪಕ್ಕ ಕೂತೆ.

"ನಿನ್ನ ಗಂಡ ನನ್ನ ಮಗಳ ಮದುವೆಗೆ ನನಗೇಂತಲೇ ಕೈ ಇರುವ ಕುರ್ಚಿ ತಂದಿದ್ದ," ಎಂದರು. "ಈ ಅಕ್ಕನನ್ನು ಎತ್ತಲಿಕ್ಕೆ ನನ್ನಿಂದ ಆಗುದಿಲ್ಲ, ಕುರ್ಚಿಯೇ ಎತ್ತಬೇಕು ಅಂದ. ಪೋಕ್ರಿ!"

ನಾನು ನಕ್ಕೆ. ಯಜಮಾನರು ಹೋದ ಮೇಲೆ ಅವರ ಒಂದು ಹೊಸ ಮಾತು ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ನಗುತ್ತಾ ಕಣ್ಣು ಒರೆಸಿಕೊಂಡೆ. ಪದ್ಮಕ್ಕ ಅದನ್ನು ನೋಡಿ, "ಹೊಗೆ ಜಾಸ್ತಿ ಇಲ್ಲಿ," ಎಂದರು. ಅಡಿಗೆ ಹಿತ್ತಿಲಲ್ಲಿತ್ತು.

ಆಗ ಗೇಟಿನ ಹತ್ತಿರ ಹಾರ್ನ್ ಕೇಳಿಸಿತು. ಕುರ್ಚಿಗಳು ಬಂದಿದ್ದವು. ಸೂರ್ಯ ಹೋಗಿದ್ದ.

ಮರುದಿನ ಉಳಿಕೆಯ ಶೀಟನ್ನು ಹಿಡಿದು ಕೂತೆ. ಕುರ್ಚಿಯ ಅಂಕಿಯ ಮೇಲೆ ಒತ್ತಿದರೆ ಅದರ ಸೂತ್ರ ಮೇಲಿನ ಪಟ್ಟಿಯಲ್ಲಿ ಕಾಣುತ್ತದೆ. ಅದನ್ನು ನಾನು ಅಲ್ಲಿಯವರೆಗೆ ಓದಿಯೇ ಇರಲಿಲ್ಲ. ಅದರ ನಡುವೆ, ಚೌಕದ ಆವರಣದೊಳಗೆ, ಅವರ ಫೈಲಿನ ಹೆಸರು ಇತ್ತು. ಸೂತ್ರ ನನ್ನ ಬುಕಿಂಗ್ ಶೀಟನ್ನು ಒಂದು ದಿನವೂ ನೋಡಿರಲಿಲ್ಲ. ನಕಲು ಮಾಡಿ ತಂದರೂ ಅದು ಹಳೆಯ ಜಾಗವನ್ನೇ ಕೇಳುತ್ತಿತ್ತು, ಈ ವರ್ಷ ಯಾರಿಗೆ ಕುರ್ಚಿ ಹೇಳಿದ್ದೀರಿ ಎಂದು. ಅಲ್ಲಿ ಈ ವರ್ಷದ ಒಂದು ಹೆಸರೂ ಇರಲಿಲ್ಲ. ಹಾಗಾಗಿ ಎಲ್ಲ ಕುರ್ಚಿಗಳೂ ಉಂಟು! ದಿನಾ ಬೆಳಿಗ್ಗೆ ಅವರ ಫೈಲು ತೆರೆದಿಡದಿದ್ದರೆ ತಪ್ಪಿನ ಗುರುತು ಎಂದೋ ಬಂದು ನನ್ನನ್ನು ಎಚ್ಚರಿಸುತ್ತಿತ್ತು. ಟೀಚರೂ ನಾನೂ ಚಹಾ ಕುಡಿದದ್ದು ಆ ಎಚ್ಚರಿಕೆಯ ಬಾಯಿ ಮುಚ್ಚಿಸಿದ ಸಂತೋಷಕ್ಕೆ.

ಚೌಕದ ಆವರಣವನ್ನೂ ಅದರೊಳಗಿನ ಹೆಸರನ್ನೂ ಅಳಿಸಿದರೆ ಸೂತ್ರ ನನ್ನ ಶೀಟಿನತ್ತ ತಿರುಗುತ್ತದೆ. ಸುಲಭದ ಕೆಲಸ. ಬೆಳಿಗ್ಗೆ ಕೂತವಳು ಮಧ್ಯಾಹ್ನದ ಊಟಕ್ಕೆ ಹೋಗಿ ಬಂದು ಮಾಡಿದೆ. ಕುರ್ಚಿಗಳು ಒಮ್ಮೆಲೇ ಕಡಿಮೆಯಾದವು. ಅಲ್ಲಲ್ಲಿ ಕೆಂಪು ಬಂತು. ಎಷ್ಟೋ ತಿಂಗಳ ಮೇಲೆ ಶೀಟು ಸತ್ಯ ಹೇಳಿತು.

ಅಂದಿನಿಂದ ನನ್ನಷ್ಟು ಶಿಸ್ತಿನ ವ್ಯಾಪಾರಿ ಬಂಟ್ವಾಳ ತಾಲೂಕಿನಲ್ಲೇ ಇರಲಿಕ್ಕಿಲ್ಲ. ಶೀಟು ನೋಡದೆ ಒಂದು ಸೌಟೂ ಹೊರಗೆ ಹೋಗಲಿಲ್ಲ.

ಅವರು ಹೋಗಿ ವರ್ಷ ತುಂಬುವ ದಿನ ಹತ್ತಿರ ಬಂತು. ಬಸದಿಯಲ್ಲಿ ಪೂಜೆ, ಮನೆಯಲ್ಲಿ ಊಟ ಎಂದು ಮೊದಲೇ ನಿಶ್ಚಯವಾಗಿತ್ತು. ಆ ತಾರೀಕಿನ ಮುಂದೆ ನಮ್ಮ ಮನೆಯ ಹೆಸರು ಬರೆಯಲು ಮಾತ್ರ ಕೈ ಬರಲಿಲ್ಲ. ನಾಳೆ ಬರೆದರಾಯಿತು ಎಂದುಕೊಂಡೆ. ಬರೆಯದೆ ಉಳಿದಷ್ಟು ದಿನ ಅದೊಂದು ಖಾಲಿ ಸಾಲು. ಈ ನಡುವೆ ಬೆಳ್ತಂಗಡಿಯಿಂದ ಒಂದು ಮದುವೆಯವರು ಫೋನು ಮಾಡಿದರು. ಶೀಟು ನೋಡಿದೆ. ಕುರ್ಚಿಗಳು ಇದ್ದವು, ಹೂಂ ಎಂದೆ. ಫೋನು ಇಟ್ಟು ಬರೆಯುವಾಗ ತಾರೀಕು ಕಣ್ಣಿಗೆ ಬಿತ್ತು, ಅವರ ದಿನದ್ದೇ. ಅಂಕಿ ಕೆಂಪಾಯಿತು.

ಈ ಸಲ ಸೂತ್ರದ ತಪ್ಪು ಏನೂ ಇರಲಿಲ್ಲ!

ಹೇಳಿದ ಕುರ್ಚಿ ಹೋಗಲೇಬೇಕು. ಹೋಯಿತು. ನಮ್ಮ ಮನೆಗೆ ಬೇಕಾದ ಕುರ್ಚಿಗಾಗಿ ನಾನು ಮಾಣಿ ಊರಿನ ಇನ್ನೊಂದು ಬಾಡಿಗೆ ಅಂಗಡಿಗೆ ಫೋನು ಮಾಡಿದೆ. ಯಜಮಾನರು ಜೀವನವಿಡೀ ಪೈಪೋಟಿ ನಡೆಸಿದ ಅಂಗಡಿ ಅದು. ಅಲ್ಲಿಯವರು ಸಂಭ್ರಮದಿಂದಲೇ ಕಳಿಸಿದರು. ಪ್ರತಿ ಕುರ್ಚಿಯ ಬೆನ್ನಿಗೂ ಅವರ ಅಂಗಡಿಯ ಹೆಸರು, ದಪ್ಪ ಅಕ್ಷರ, ಕೆಂಪು ಬಣ್ಣ.

ಕುರ್ಚಿಗಳನ್ನು ಅಂಗಳದಲ್ಲಿ ಹಾಕಿದ ಮೇಲೆ ಲತೀಫ್ ಜಗಲಿಯ ಮೇಲಿದ್ದ ಅವರ ಫೋಟೋವನ್ನೊಮ್ಮೆ ನೋಡಿದ, ಕುರ್ಚಿಗಳ ಬೆನ್ನನ್ನೊಮ್ಮೆ ನೋಡಿದ.

"ಅಕ್ಕ, ಧಣಿಗಳ ಫೋಟೋ ಸ್ವಲ್ಪ ಆ ಕಡೆ ತಿರುಗಿಸುವನಾ?"

"ಬೇಡ," ಎಂದೆ. "ಕುರ್ಚಿಗಳನ್ನೇ ತಿರುಗಿಸು. ಮುಖ ಫೋಟೋದ ಕಡೆ ಇರಲಿ. ಬೆನ್ನು ಅವರಿಗೆ ಕಾಣುದು ಬೇಡ."

ಅವನು ಒಂದೊಂದಾಗಿ ತಿರುಗಿಸಿದ. ಬಂದವರೆಲ್ಲ ಅವರ ಎದುರು ಮುಖ ಮಾಡಿ ಕೂತರು. ಬೆಳಕಿರುವಾಗಲೇ ಊಟವಾಯಿತು. ಯಾರನ್ನೂ ಎತ್ತಬೇಕಾಗಿ ಬರಲಿಲ್ಲ, ಪದ್ಮಕ್ಕನನ್ನು ಕೂಡ. ನನಗೊಬ್ಬಳಿಗೆ ಕುರ್ಚಿ ಸಾಲಲಿಲ್ಲ. ಬರುವವರನ್ನು ಎಣಿಸುವಾಗ ನನ್ನನ್ನು ಸೇರಿಸಲು ಮರೆತಿದ್ದೆ. ಲತೀಫ್ ಗೋಡಾನಿಗೆ ಹೋಗಿ, ಬೆನ್ನಿಗೆ ನೀಲಿ ಅಕ್ಷರವಿದ್ದ ಆ ಕಾಲು ಮುರಿದ ಕುರ್ಚಿಯನ್ನು ತಂದು ಗೋಡೆಗೆ ಒರಗಿಸಿ ಇಟ್ಟ.

ಕೂತೆ. ಬಿದ್ದೆ.